ಹಲ್ಲಿನ ಸೆಟ್ಟೂ ಹತ್ತು ನಿಮಿಷದ ಊಟವೂ

ಚೆನ್ನೈ ನಗರದ ಉತ್ತರದ ಅಂಚಿನಲ್ಲಿರುವ ಮಣಲಿಯ ಪರಿಚಯವನ್ನು ನಮ್ಮ ವಾಚಕರಿಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 1965ರಲ್ಲಿ ಸ್ಥಾಪಿತವಾದ ಮದ್ರಾಸ್ ರಿಫೈನರೀಸ್ ಸಂಸ್ಥೆಯ ಎಣ್ಣೆ ಶುದ್ಧೀಕರಣ ಕಾರಖಾನೆಯು 1969ರಲ್ಲಿ ಇಲ್ಲಿ ಕೆಲಸಕ್ಕೆ ತೊಡಗಿತು. ಅದರ ಬೆನ್ನಿಗೇ ಗೊಬ್ಬರದ ಕಾರಖಾನೆ ಬಂದಿತು, ರಾಸಾಯನಿಕಗಳ ಕಾರಖಾನೆಗಳು ಬಂದುವು. 2011ರಲ್ಲಿ ಊರಿಗೆ ಊರೇ ಮಹಾನಗರದೊಳಗೆ ಸೇರಿಹೋಯಿತು. ಕಾರಖಾನೆ ಬಂದಲ್ಲಿಗೆ ಲಾರಿ ಬರುತ್ತದೆ. ಲಾರಿ ನಿಂತಲ್ಲಿಗೆ ಹೋಟೆಲು ಬರುತ್ತದೆ. ಹೋಟೆಲು ತೆರೆದಲ್ಲಿಗೆ ನಮ್ಮ ಕರಾವಳಿಯ ಹುಡುಗನೊಬ್ಬ ಬಂದೇ ಬರುತ್ತಾನೆ. ಹಾಗೆ ಬಂದ ಹುಡುಗರು ಈಗ ಹುಡುಗರಾಗಿ ಉಳಿದಿಲ್ಲ. ಅರುವತ್ತನ್ನು ದಾಟಿಯೂ ಬೆಳಗಿನ ನಾಲ್ಕು ಗಂಟೆಗೆ ಒಲೆಯ ಮುಂದೆ ನಿಲ್ಲತಕ್ಕವರು ಇದ್ದಾರೆ, ಗಲ್ಲಾದಲ್ಲಿ ಕುಳಿತವರಿದ್ದಾರೆ, ಕಾರಖಾನೆಯ ಕಛೇರಿಗಳಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರೂ ಇದ್ದಾರೆ. ಕೂದಲು ನೆರೆತುದನ್ನು ಬಣ್ಣದಿಂದ ಮರೆಸಬಹುದು. ಹಲ್ಲು ಬಿದ್ದುದನ್ನು ಮರೆಸುವುದು ಅಷ್ಟು ಸುಲಭವಲ್ಲ. ಅದು ಪ್ರತಿದಿನವೂ ಮೂರು ಹೊತ್ತು ಎಲೆಯ ಮುಂದೆ ಕುಳಿತಾಗ ತಾನಾಗಿಯೇ ನೆನಪು ಮಾಡಿಕೊಡುತ್ತದೆ.

ಹಲ್ಲು ಕಟ್ಟಿಸಿಕೊಳ್ಳುವವರ ಸಂಖ್ಯೆ ನಮ್ಮವರಲ್ಲಿ ಹೆಚ್ಚುತ್ತಿರುವುದು ಸಂತೋಷದ ವಿಷಯವೇ. ಆದರೆ ಕಟ್ಟಿಸಿಕೊಂಡ ಹಲ್ಲು ಬಾಯಲ್ಲಿರುವುದಕ್ಕಿಂತ ಹೆಚ್ಚಾಗಿ ಅಂಗಿಯ ಕಿಸೆಯಲ್ಲಿಯೂ ಟ್ರಂಕಿನ ಮೂಲೆಯಲ್ಲಿಯೂ ಇರುವುದನ್ನು ಕಂಡಾಗ ಈ ವಿಷಯವಾಗಿ ಎರಡು ಮಾತು ಬರೆಯಬೇಕೆಂದು ನಮಗೆ ತೋರಿತು. ಮಣಲಿಯ ಉಪಾಹಾರ ಗೃಹವೊಂದರಲ್ಲಿ ಅಡುಗೆ ಮಾಡುವ ಹಿರಿಯರೊಬ್ಬರನ್ನು, “ಏನು ಭಟ್ರೇ, ಸೆಟ್ಟು ಎಲ್ಲಿ?” ಎಂದು ವಿಚಾರಿಸಿದೆವು. “ಪೆಟ್ಟಿಗೆಯಲ್ಲಿ ಉಂಟು ಮಾರಾಯ್ರೇ. ಅದು ಫೋಟೋ ತೆಗೆಸುವುದಕ್ಕೆ ಆದೀತು, ಊಟಕ್ಕೆ ಆಗುವುದಿಲ್ಲ,” ಎಂದರು. ಅಲ್ಲಿದ್ದವರೆಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಆಮೇಲೆ ಅವರ ಊಟವನ್ನು ನೋಡಿದೆವು. ಅನ್ನವನ್ನು ಸಾರಿನಲ್ಲಿ ಕಲಸಿ, ಅಗಿಯದೆ, ಹಾಗೆಯೇ ನುಂಗುತ್ತಿದ್ದರು. ಪಲ್ಯವನ್ನು ಎಲೆಯ ಅಂಚಿಗೆ ಸರಿಸಿದ್ದರು. ದಿನಕ್ಕೆ ನೂರಾರು ಮಂದಿಗೆ ಪಲ್ಯ ಮಾಡಿ ಬಡಿಸುವ ಕೈ ತನ್ನ ಬಾಯಿಗೆ ಒಂದು ತುತ್ತು ಪಲ್ಯವನ್ನು ಕೊಡಲಾರದೆ ಹೋಗಿತ್ತು.

ಸೆಟ್ಟು ಸರಿಯಾಗಿಲ್ಲವೆಂದು ಅವರ ದೂರು. ಎಷ್ಟು ದಿನ ಹಾಕಿಕೊಂಡಿದ್ದಿರಿ ಎಂದರೆ, ನಾಲ್ಕು ದಿನ. ಎಷ್ಟು ಹೊತ್ತು ಕುಳಿತು ಊಟ ಮಾಡಿದಿರಿ ಎಂದರೆ, ಉತ್ತರವಿಲ್ಲ. ಉತ್ತರವನ್ನು ನಾವೇ ಬಲ್ಲೆವು. ಈ ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಹೋಟೆಲನ್ನು ನಡೆಸಿದವರಾದುದರಿಂದ, ಹೋಟೆಲಿನವನು ಹತ್ತು ನಿಮಿಷಗಳಿಗಿಂತ ಹೆಚ್ಚು ಹೊತ್ತು ಊಟಕ್ಕೆ ಕುಳಿತುದನ್ನು ನಾವು ಕಂಡಿಲ್ಲ. ಮಧ್ಯಾಹ್ನದ ನೂಕುನುಗ್ಗಲು ಮುಗಿದು ಸಂಜೆಯ ತಿಂಡಿಗೆ ಹಿಟ್ಟು ರುಬ್ಬುವುದಕ್ಕೆ ಮೊದಲು ಸಿಕ್ಕಿದ ಬಿಡುವಿನಲ್ಲಿ, ಅರ್ಧ ನಿಂತು ಅರ್ಧ ಕುಳಿತು, ತುತ್ತಿನ ಮೇಲೆ ತುತ್ತು ಹಾಕಿಕೊಂಡು ಏಳುವುದು ನಮ್ಮವರ ಕ್ರಮ. ಹೊಸ ಹಲ್ಲಿಗೂ ಈ ಊಟಕ್ಕೂ ಎಣ್ಣೆ ಸೀಗೆಕಾಯಿ. ಹಲ್ಲು ಹೋದ ಮೇಲೆ ಮಾಡಿಸಿದ ಸೆಟ್ಟು ಚಪ್ಪಲಿಯಂತೆ ಹಾಕಿಕೊಂಡ ಕೂಡಲೆ ನಡೆಯತಕ್ಕ ವಸ್ತುವಲ್ಲ. ಅದು ಕೈಗೆ ಹೊಸದಾಗಿ ಬಂದ ಒಂದು ಉಪಕರಣ. ದೋಸೆ ಹುಯ್ಯುವುದನ್ನು ಕಲಿಯಲು ಹುಡುಗನೊಬ್ಬನಿಗೆ ತಿಂಗಳುಗಟ್ಟಲೆ ಬೇಕಾಗುವುದಾದರೆ, ಹೊಸ ಹಲ್ಲಿನಿಂದ ಅಗಿಯುವುದನ್ನು ಕಲಿಯಲು ನಾಲಗೆಗೂ ಕೆನ್ನೆಗೂ ದವಡೆಗೂ ಆರರಿಂದ ಎಂಟು ವಾರಗಳಾದರೂ ಬೇಡವೇ? ದಂತವೈದ್ಯರು ಸಾಮಾನ್ಯವಾಗಿ ಹೇಳುವ ಅವಧಿಯೂ ಇದೇ.

ಸೆಟ್ಟು ಬಾಯಲ್ಲಿ ನಿಲ್ಲುವುದು ಹೇಗೆಂಬುದನ್ನು ಮೊದಲು ತಿಳಿಯುವುದೊಳ್ಳೆಯದು. ನಮ್ಮ ಸ್ವಂತ ಹಲ್ಲು ಎಲುಬಿನಲ್ಲಿ ಬೇರೂರಿ ನಿಂತಿರುತ್ತದೆ. ಕಟ್ಟಿಸಿದ ಹಲ್ಲಿಗೆ ಬೇರಿಲ್ಲ. ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚಿಕೊಂಡು, ನಡುವೆ ಇರುವ ತೆಳುವಾದ ಜೊಲ್ಲಿನ ಪದರದ ಬಲದಿಂದ, ಒದ್ದೆಯಾದ ಎರಡು ಗಾಜಿನ ತುಂಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಅಂಟಿಕೊಂಡಿರುತ್ತದೆ. ಕೆಳಗಿನದಕ್ಕೆ ಅಂಗುಳದ ಆಸರೆಯಿಲ್ಲ. ಕುದುರೆಯ ಲಾಳದ ಆಕಾರದ ಅದು ವಸಡಿನ ಮೇಲೆ ಸುಮ್ಮನೆ ಕುಳಿತಿರುತ್ತದೆ, ನಾಲಗೆ ಮತ್ತು ಕೆನ್ನೆಗಳು ಎರಡು ಕಡೆಯಿಂದಲೂ ಅದನ್ನು ಹಿಡಿದುಕೊಳ್ಳಬೇಕು. ಆದುದರಿಂದಲೇ ಮೇಲಿನದು ಬೇಗನೆ ಒಗ್ಗುತ್ತದೆ, ಕೆಳಗಿನದು ಬಹುಕಾಲ ಕಾಡುತ್ತದೆ. ಬಾಯಿ ಒಣಗಿದರೆ ಎರಡೂ ಸಡಿಲವಾಗುತ್ತವೆ. ಒಲೆಯ ಮುಂದೆ ಬೆವರು ಸುರಿಸುವವರೂ, ಸಕ್ಕರೆ ಕಾಯಿಲೆಯವರೂ, ರಕ್ತದ ಒತ್ತಡಕ್ಕೆ ಔಷಧ ತೆಗೆದುಕೊಳ್ಳುವವರೂ ಇದನ್ನು ನೆನಪಿನಲ್ಲಿಟ್ಟು ಆಗಾಗ ನೀರು ಕುಡಿಯತಕ್ಕದ್ದು. ಇನ್ನು ಅಗಿಯುವ ಬಲವೂ ಮೊದಲಿನಷ್ಟಿಲ್ಲ. ಸ್ವಂತ ಹಲ್ಲಿನ ಬಲದ ನಾಲ್ಕರಲ್ಲಿ ಒಂದು ಪಾಲು, ಕೆಲವರಿಗೆ ಐದರಲ್ಲಿ ಒಂದು ಪಾಲು ಮಾತ್ರ ಪೂರ್ಣ ಸೆಟ್ಟಿನಿಂದ ಸಿಗುತ್ತದೆ. ಬಲ ಕಾಲುಭಾಗವಾದಾಗ ಹೊತ್ತು ಹೆಚ್ಚು ಹಿಡಿಯುವುದು ಸಹಜವೇ ಅಲ್ಲವೇ? ಅಂದ ಹಾಗೆ ಪೂರ್ಣ ಸೆಟ್ಟಿನಲ್ಲಿ ಸಾಮಾನ್ಯವಾಗಿ ಇಪ್ಪತ್ತೆಂಟೇ ಹಲ್ಲುಗಳಿರುತ್ತವೆ. ತುದಿಯ ನಾಲ್ಕು ದವಡೆ ಹಲ್ಲುಗಳನ್ನು ಇಡುವ ರೂಢಿಯಿಲ್ಲ. ಲೆಕ್ಕ ಬರೆಯುವ ಮಿತ್ರರೊಬ್ಬರು ಎಣಿಸಿ ನೋಡಿ, ನಾಲ್ಕು ಹಲ್ಲು ಕಡಮೆ ಕೊಟ್ಟರೆಂದು ದವಾಖಾನೆಗೆ ಹೋಗಿ ಕೇಳಿದುದುಂಟು.

ಹಾಗಾದರೆ ಊಟವೇನು? ಈ ವಿಷಯದಲ್ಲಿ ನಾವು ಅದೃಷ್ಟವಂತರು. ಬೇರೆಯವರು ಗಟ್ಟಿ ರೊಟ್ಟಿಯನ್ನೂ ಮಾಂಸವನ್ನೂ ಮುಂದಿಟ್ಟುಕೊಂಡು ಕಣ್ಣೀರಿಡಬೇಕಾದಲ್ಲಿ, ನಮ್ಮ ಅಡುಗೆಮನೆಯಲ್ಲಿಯೇ ಹೊಸ ಹಲ್ಲಿಗೆ ತಕ್ಕ ಆಹಾರ ಸಿದ್ಧವಾಗಿದೆ. ಮೊದಲ ಎರಡು ಮೂರು ದಿನ ಕುಚ್ಚಿಲಕ್ಕಿಯ ಗಂಜಿ, ಹೆಸರುಬೇಳೆಯ ತೊವ್ವೆ, ಮೊಸರನ್ನ. ಆಮೇಲೆ ಸಾಂಬಾರಿನಲ್ಲಿ ನೆನೆದ ಇಡ್ಲಿ, ನೀರುದೋಸೆ, ಶಾವಿಗೆ, ಮೆತ್ತಗಿನ ಉಪ್ಪಿಟ್ಟು, ಚೆನ್ನಾಗಿ ಬೆಂದ ಕುಂಬಳಕಾಯಿ, ಹಣ್ಣಾದ ಬಾಳೆ. ಎರಡು ವಾರ ಕಳೆದ ಮೇಲೆ ಸಣ್ಣಗೆ ಹೆಚ್ಚಿದ ಪಲ್ಯ, ಮೆತ್ತಗಿನ ಚಪಾತಿ, ಹುಳಿಯಲ್ಲಿ ನೆನೆದ ವಡೆ. ಎಷ್ಟೇ ಮೆತ್ತಗಿನದಾದರೂ ತುತ್ತು ಚಿಕ್ಕದಿರಬೇಕು. ಅದಕ್ಕಿಂತಲೂ ಮುಖ್ಯವಾದುದೆಂದರೆ, ಬಾಯೊಳಗಿನ ತುತ್ತನ್ನು ಎರಡು ಪಾಲು ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟು ಎರಡು ಕಡೆಯಲ್ಲಿಯೂ ಒಟ್ಟಿಗೆ ಅಗಿಯಬೇಕು. ಜನ್ಮವೆಲ್ಲ ಒಂದೇ ಕಡೆ ಅಗಿದು ರೂಢಿಯಾದವರಿಗೆ ಇದು ಬಹಳ ವಿಚಿತ್ರವೆನಿಸುತ್ತದೆ; ಆದರೆ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ತಕ್ಕಡಿಯ ತಟ್ಟೆಯಂತೆ ಮೇಲೇಳುವುದು ಸೆಟ್ಟಿನ ಸ್ವಭಾವ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದೆಂಬುದೂ ಇದೇ ಕಾರಣಕ್ಕಾಗಿ. ಪೇರಳೆಯನ್ನಾಗಲಿ ಮಾವಿನ ಹಣ್ಣನ್ನಾಗಲಿ ಚಾಕುವಿನಿಂದ ಹೋಳು ಮಾಡಿ ತಿನ್ನುವುದರಲ್ಲಿ ಅವಮಾನವೇನೂ ಇಲ್ಲ.

ಕೆಲವು ವಸ್ತುಗಳನ್ನು ಮಾತ್ರ ಬಹುಕಾಲ ದೂರವಿಡುವುದೇ ಲೇಸು. ಚಕ್ಕುಲಿ, ಕೋಡುಬಳೆ, ಈ ಊರಿನ ಮುರುಕು. ಜಿಗುಟಾದ ಹಲ್ವ, ಕಡಲೆಕಾಯಿ ಚಿಕ್ಕಿ. ಕಬ್ಬಿನ ಮಾತಂತೂ ಬೇಡ. ಎಳ್ಳು, ಬದನೆಯ ಬೀಜ, ಒಗ್ಗರಣೆಯ ಸಾಸಿವೆ ಇವು ನೋಡುವುದಕ್ಕೆ ಚಿಕ್ಕವಾದರೂ ಸೆಟ್ಟಿನ ಅಡಿಗೆ ಸೇರಿಕೊಂಡರೆ ಚಪ್ಪಲಿಯೊಳಗಿನ ಹರಳಿನಂತೆ ನೋಯಿಸುತ್ತವೆ. ಆಗ ಊಟದ ನಡುವೆಯೇ ಎದ್ದು ತೊಳೆದುಕೊಂಡು ಬಂದರಾಯಿತು. “ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂದ ನಮ್ಮ ಹಿರಿಯರು ಕಡಲೆಯ ಉಸಲಿಯನ್ನು ಕುಕ್ಕರಿನಲ್ಲಿ ಇನ್ನೆರಡು ಕೂಗು ಹೆಚ್ಚು ಬೇಯಿಸಬಹುದೆಂಬುದನ್ನು ಕಂಡಿರಲಿಲ್ಲ.

ಕಾಫಿಯ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಹೋಟೆಲಿನವರು ಕಾಫಿಯನ್ನು ಕುದಿಯುವಂತೆಯೇ ಕುಡಿಯತಕ್ಕವರು. ಬಿಸಿಯೆಷ್ಟೆಂಬುದನ್ನು ನಮಗೆ ಮೊದಲು ತಿಳಿಸುವವುಗಳಲ್ಲಿ ಅಂಗುಳವೂ ಒಂದು. ಮೇಲಿನ ಸೆಟ್ಟು ಹಾಕಿದಾಗ ಅಂಗುಳ ಮುಚ್ಚಿಹೋಗಿರುತ್ತದೆ. ಬಿಸಿ ಅಲ್ಲಿಗೆ ತಿಳಿಯುವುದಿಲ್ಲ, ಗಂಟಲಿಗಿಳಿದ ಮೇಲೆ ತಿಳಿಯುತ್ತದೆ. ಹೀಗೆ ಗಂಟಲು ಸುಟ್ಟುಕೊಂಡವರಿದ್ದಾರೆ. ಮೊದಲ ಕೆಲವು ವಾರ ಡಬರಾದಲ್ಲಿ ನಾಲ್ಕು ಸಲ ಎತ್ತಿ ಹೊಯ್ದು ಆರಿಸಿ, ತುಟಿಗೆ ಮುಟ್ಟಿಸಿ ನೋಡಿ ಕುಡಿಯುವುದು ಕ್ಷೇಮ.

ಅಡುಗೆಯವರ ಇನ್ನೊಂದು ಭಯ ಇದಕ್ಕಿಂತ ದೊಡ್ಡದು, ಮತ್ತು ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೆಟ್ಟು ಹಾಕಿದರೆ ರುಚಿ ತಿಳಿಯುವುದಿಲ್ಲ, ಸಾರಿಗೆ ಉಪ್ಪು ಹೆಚ್ಚಾದೀತು, ಯಜಮಾನರು ಬೇರೆ ಅಡುಗೆಯವನನ್ನು ನೋಡಿಯಾರು ಎಂಬುದೇ ಆ ಭಯ. ನಾವು ಮೇಲೆ ಹೇಳಿದ ಭಟ್ಟರೂ ಬಹಳ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ ಇದನ್ನೇ ಹೇಳಿದರು. ನಲುವತ್ತು ವರ್ಷ ನಾಲಗೆಯನ್ನೇ ನಂಬಿ ಬದುಕಿದವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಸಂಗತಿಯೇನೆಂದರೆ, ರುಚಿಯ ಮೊಗ್ಗುಗಳು ಬಹುಪಾಲು ನಾಲಗೆಯ ಮೇಲೆಯೇ ಇವೆ. ಅವುಗಳನ್ನು ಸೆಟ್ಟು ಮುಚ್ಚುವುದಿಲ್ಲ. ಪರಿಮಳವು ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಅದಕ್ಕೂ ದೊಡ್ಡ ಅಡ್ಡಿಯಿಲ್ಲ. ಮಂಕಾಗುವುದು ಪದಾರ್ಥದ ತರಿ, ನುಣುಪು, ಬಿಸಿ ಇವುಗಳ ಅರಿವು. ಬಾಯಲ್ಲಿ ಹೊಸ ವಸ್ತುವೊಂದು ತುಂಬಿಕೊಂಡಿರುವಾಗ ಮನಸ್ಸೆಲ್ಲ ಅದರ ಕಡೆಗೇ ಇರುವುದರಿಂದ ರುಚಿಯೇ ಹೋಯಿತೆಂದು ತೋರುತ್ತದೆ. ದಿನ ಕಳೆದಂತೆ ಅದು ಬಹುಮಟ್ಟಿಗೆ ಮರಳುತ್ತದೆ. ಅಲ್ಲಿಯವರೆಗೆ ಸಾರನ್ನು ಆರಿಸಿ ನಾಲಗೆಯ ತುದಿಯಲ್ಲಿ ತುಸು ಹೊತ್ತು ಇಟ್ಟು ನೋಡುವುದು, ಜೊತೆಯವನೊಬ್ಬನಿಗೂ ರುಚಿ ತೋರಿಸುವುದು, ಇಷ್ಟು ಮಾಡಿದರೆ ಸಾಕು. ಎರಡು ವಾರ ಉಪ್ಪಿನ ಲೆಕ್ಕವನ್ನು ಚಮಚದಲ್ಲಿ ಅಳೆದು ಹಾಕಿದರೂ ಗಿರಾಕಿಗಳಿಗೆ ತಿಳಿಯುವುದಿಲ್ಲ.

ಗುಮಾಸ್ತ ಬಂಧುಗಳ ಸಂಕಟ ಊಟಕ್ಕಿಂತ ಮಾತಿನದು. ನಮ್ಮ ವರ್ಣಮಾಲೆಯಲ್ಲಿ ತ, ಥ, ದ, ಧ, ನ ಎಂಬ ಸಾಲಿಗೆ ದಂತ್ಯಗಳೆಂದು ಹೆಸರಿಟ್ಟವರು ಸುಮ್ಮನೆ ಇಟ್ಟವರಲ್ಲ. ನಾಲಗೆ ಹಲ್ಲನ್ನು ಮುಟ್ಟಿದರೆ ತಾನೇ ಅವು ಹುಟ್ಟುವುದು? ಹಲ್ಲಿನ ಸ್ಥಾನ ಕೂದಲೆಳೆಯಷ್ಟು ಬದಲಾದರೂ ಆ ಅಕ್ಷರಗಳು ತೊದಲುತ್ತವೆ. ಸಕಾರ ಸಿಳ್ಳೆ ಹಾಕುತ್ತದೆ. ಮೊದಲ ದಿನಗಳಲ್ಲಿ ಜೊಲ್ಲೂ ಹೆಚ್ಚಾಗಿ ಸುರಿಯುತ್ತದೆ. ಬಾಯಿಗೆ ಇದು ಆಹಾರವೋ ಏನೋ ಎಂಬ ಭ್ರಮೆ. ನುಂಗುತ್ತಿದ್ದರೆ ಕೆಲವು ದಿನಗಳಲ್ಲಿ ತಾನಾಗಿಯೇ ಕಡಮೆಯಾಗುತ್ತದೆ. ಮಾತಿಗೆ ಮದ್ದು ಮಾತೇ ಆಗಿದೆ. ಕೋಣೆಯ ಬಾಗಿಲು ಹಾಕಿಕೊಂಡು ದಿನಕ್ಕೆ ಅರ್ಧ ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು (ಯಾವ ಪತ್ರಿಕೆಯೆಂದು ನಾವು ಹೇಳುವುದಿಲ್ಲ). ಇಂತಹವರು ದೂರವಾಣಿಯನ್ನು ಪಕ್ಕದವರ ಕೈಗೆ ಕೊಡುವುದೂ, ಸಭೆಗಳಲ್ಲಿ ಕೈಯಿಂದ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತುಕೊಳ್ಳುವುದೂ ನಮ್ಮ ಕಣ್ಣಿಗೆ ಬಿದ್ದಿದೆ. ಅಮೆರಿಕದ ಪ್ರಥಮ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ಸ್ವೀಕರಿಸುವಾಗ ಅವರ ಬಾಯಲ್ಲಿ ಸ್ವಂತದ ಹಲ್ಲು ಒಂದೇ ಒಂದು ಉಳಿದಿತ್ತು. ಅವರ ಸೆಟ್ಟು ಮರದ್ದೆಂದು ಜನ ಹೇಳುವುದುಂಟು, ಅದು ನಿಜವಲ್ಲ. ನೀರ್ಗುದುರೆಯ ದಂತವನ್ನು ಕೆತ್ತಿ, ಮನುಷ್ಯರ ಹಲ್ಲುಗಳನ್ನು ಕೂಡಿಸಿ, ಸ್ಪ್ರಿಂಗು ಹಾಕಿ ಮಾಡಿದ್ದು. ಅದನ್ನು ಬಾಯಲ್ಲಿಟ್ಟುಕೊಂಡು ಅವರು ಒಂದು ದೇಶವನ್ನಾಳಿದರು.

ಇಂದಿನ ಸೆಟ್ಟು ಅದಕ್ಕಿಂತ ಎಷ್ಟೋ ಹಗುರ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಗಡಸು ಮಾಡಿದ ರಬ್ಬರಿನಲ್ಲಿ ಮಾಡುತ್ತಿದ್ದರು. 1930ರ ದಶಕದ ಕೊನೆಯಿಂದ ಅಕ್ರಿಲಿಕ್ ಎಂಬ ಪದಾರ್ಥ ಬಳಕೆಗೆ ಬಂದಿತು. ವಸಡಿನ ಬಣ್ಣವನ್ನು ಅದಕ್ಕೆ ಚೆನ್ನಾಗಿ ಕೊಡಬಹುದು. ಅದರ ಮೂಲ ಕಲ್ಲೆಣ್ಣೆಯ ರಸಾಯನಶಾಸ್ತ್ರದಲ್ಲಿದೆ ಎಂದರೆ ಮಣಲಿಯವರು ಮುಗುಳ್ನಕ್ಕಾರು. ಈ ಪದಾರ್ಥದ ಗುಣವನ್ನು ತಿಳಿಯದೆ ಹೋಟೆಲಿನವರು ಮಾಡುವ ಅಪಚಾರ ಒಂದಿದೆ. ಲೋಟ ತಟ್ಟೆಗಳನ್ನು ಕುದಿನೀರಿನಲ್ಲಿ ಅದ್ದಿ ಶುದ್ಧಮಾಡುವ ಅಭ್ಯಾಸದಿಂದ ಸೆಟ್ಟನ್ನೂ ಕುದಿನೀರಿಗೆ ಹಾಕುತ್ತಾರೆ. ಅದು ಸೊಟ್ಟಗಾಗುತ್ತದೆ, ಮತ್ತೆ ಬಾಯಿಗೆ ಹೊಂದುವುದಿಲ್ಲ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು, ಮೆತ್ತಗಿನ ಬ್ರಷ್ಷು, ಸ್ವಲ್ಪ ಸಾಬೂನು ಇಷ್ಟೇ ಸಾಕು. ಹಲ್ಲುಪುಡಿ, ಉಪ್ಪು, ಇದ್ದಿಲು, ಪೇಸ್ಟು ಇವು ಗೀರು ಹಾಕುತ್ತವೆ. ಗೀರಿನಲ್ಲಿ ಕೊಳೆ ಕೂರುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿಯನ್ನಾಗಲಿ ಮಡಿಸಿದ ಟವೆಲನ್ನಾಗಲಿ ಇಟ್ಟುಕೊಳ್ಳಬೇಕು. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು.

ರಾತ್ರಿ ಮಲಗುವಾಗ ಅದನ್ನು ತೆಗೆದು ನೀರಿನಲ್ಲಿಟ್ಟು ವಸಡಿಗೆ ವಿಶ್ರಾಂತಿ ಕೊಡತಕ್ಕದ್ದು. ಹಗಲಿರುಳೂ ಹಾಕಿಕೊಂಡೇ ಇರುವವರ ಅಂಗುಳ ಕೆಂಪೇರಿ ಬೂಷ್ಟಿನ ಸೋಂಕು ಹತ್ತುತ್ತದೆ. ಒಂದೆರಡು ಹಲ್ಲಿನ ಚಿಕ್ಕ ಸೆಟ್ಟಿನವರಂತೂ ಈ ಮಾತನ್ನು ಎಂದೂ ಮೀರಬಾರದು. ನಿದ್ರೆಯಲ್ಲಿ ಅದು ಗಂಟಲಿಗಿಳಿದರೆ ಪ್ರಾಣಾಪಾಯ. ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವಲ್ಲಿ ಹಲ್ಲು ತೆಗೆಯಲು ಸಂಕೋಚವಾಗುವುದನ್ನು ನಾವು ಅರಿಯದವರಲ್ಲ. ಮುಚ್ಚಳವಿರುವ ಡಬ್ಬಿಯೊಂದಿದ್ದರೆ, ದೀಪವಾರಿದ ಮೇಲೆ ಯಾರಿಗೂ ತಿಳಿಯದು.

ಹೊಸ ಸೆಟ್ಟು ಎಲ್ಲಿಯಾದರೂ ಒತ್ತಿ ಹುಣ್ಣಾಗುವುದು ಸಾಮಾನ್ಯ. ಅದಕ್ಕಾಗಿ ಬ್ಲೇಡಿನಿಂದ ಕೆರೆಯುವುದು, ಉಗುರಿನ ಅರದಿಂದ ಉಜ್ಜುವುದು ಕೂಡದು. ಮಾಡಿಕೊಟ್ಟ ವೈದ್ಯರಲ್ಲಿಗೆ ಹೋಗಬೇಕು. ಹೋಗುವ ಮೊದಲು ಕೆಲವು ಗಂಟೆಗಳ ಕಾಲ ಹಾಕಿಕೊಂಡಿದ್ದರೆ ಒತ್ತುವ ಜಾಗ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು, ವಿಶೇಷವಾಗಿ ಹೊಗೆಸೊಪ್ಪು ಅಡಿಕೆಗಳ ಅಭ್ಯಾಸವಿರುವವರು, ಸೆಟ್ಟಿನ ಹುಣ್ಣೆಂದು ಉಪೇಕ್ಷೆ ಮಾಡದೆ ತೋರಿಸಲೇಬೇಕು. ಹಲ್ಲು ಕಿತ್ತ ಮೇಲೆ ವಸಡಿನ ಎಲುಬು ಸವೆಯುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲಿ ಅತಿ ಹೆಚ್ಚಾಗಿ. ಹೀಗಾಗಿ ಇಂದು ಬಿಗಿಯಾಗಿದ್ದ ಸೆಟ್ಟು ನಾಳೆ ಸಡಿಲವಾದರೆ ಅದು ವೈದ್ಯರ ಮೋಸವಲ್ಲ. ಒಳಮೈಗೆ ಹೊಸ ಪದರ ಕೊಟ್ಟು ಸರಿಪಡಿಸುವ ಕ್ರಮವಿದೆ.

ಎಲ್ಲಿ ಮಾಡಿಸಬೇಕೆಂಬುದು ಮುಂದಿನ ಪ್ರಶ್ನೆ. ಭಾರತದಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದರು ಕಲ್ಕತ್ತೆಯಲ್ಲಿ 1920ರಲ್ಲಿ ಸ್ಥಾಪಿಸಿದರು. 1948ರಲ್ಲಿ ದಂತವೈದ್ಯರ ಕಾನೂನು ಬಂದು, ನೋಂದಣಿ ಇಲ್ಲದವರು ಈ ವೃತ್ತಿ ಮಾಡಬಾರದೆಂದಾಯಿತು. ಆದರೂ ರಸ್ತೆಯ ಬದಿಯಲ್ಲಿ ಒಂದೇ ಗಂಟೆಯಲ್ಲಿ ಹಲ್ಲು ಕೂರಿಸುವವರ ಮುಂದೆ ನಮ್ಮವರು ಕುಳಿತುಕೊಳ್ಳುವುದು ನಿಂತಿಲ್ಲ. ಅವರು ಪಕ್ಕದ ಒಳ್ಳೆಯ ಹಲ್ಲುಗಳಿಗೆ ಅಂಟಿಸಿ ತೆಗೆಯಲಾಗದಂತೆ ಮಾಡುತ್ತಾರೆ; ಅಡಿಯಲ್ಲಿ ಕೊಳೆ ಸೇರಿ ಒಳ್ಳೆಯವೂ ಹೋಗುತ್ತವೆ. ಅಂಗುಳಕ್ಕೆ ಅಂಟಿಕೊಳ್ಳಲೆಂದು ರಬ್ಬರಿನ ಬಿಲ್ಲೆಯನ್ನಿಟ್ಟ ಹಳೆಯ ಸೆಟ್ಟುಗಳಿಂದ ಕಾಲಕ್ರಮದಲ್ಲಿ ಅಂಗುಳಕ್ಕೆ ತೂತೇ ಬಿದ್ದ ಉದಾಹರಣೆಗಳು ವೈದ್ಯರ ಗ್ರಂಥಗಳಲ್ಲಿವೆ. ಮಣಲಿಯವರಿಗೆ ದಾರಿಯಿಲ್ಲದಿಲ್ಲ. ಪಾರ್ಕ್ ಟೌನಿನ ಮುತ್ತುಸ್ವಾಮಿ ರಸ್ತೆಯಲ್ಲಿ, ಫೋರ್ಟ್ ರೈಲು ನಿಲ್ದಾಣದ ಎದುರಿಗೆ, 1953ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯ ಕಾಲೇಜೂ ಆಸ್ಪತ್ರೆಯೂ ಇವೆ. 2021ರಲ್ಲಿ ವಿಮ್ಕೊ ನಗರದವರೆಗೆ ಮೆಟ್ರೋ ರೈಲು ಬಂದ ಮೇಲೆ ಅತ್ತ ಹೋಗುವುದು ಮೊದಲಿಗಿಂತ ಸುಲಭ. ಊರಿನಲ್ಲಿ ರೇಷನ್ ಕಾರ್ಡು ಉಳಿಸಿಕೊಂಡಿರುವ ಹಿರಿಯರು, ಕರ್ನಾಟಕ ಸರ್ಕಾರವು ಬಡವರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು 2014-15ರಲ್ಲಿ ತೊಡಗಿಸಿದ ‘ದಂತಭಾಗ್ಯ’ ಯೋಜನೆಯ ವಿಷಯವನ್ನು ರಜೆಯಲ್ಲಿ ಹೋದಾಗ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಎಲ್ಲಿಯೇ ಮಾಡಿಸಲಿ, ಒಂದೇ ದಿನದಲ್ಲಿ ಮುಗಿಯುವ ಕೆಲಸ ಇದಲ್ಲ. ಅಚ್ಚು ತೆಗೆಯುವುದಕ್ಕೆ ಎರಡು ಸಲ, ದವಡೆಯ ಅಳತೆಗೆ ಒಂದು ಸಲ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವುದಕ್ಕೆ ಒಂದು ಸಲ, ಕೊಡುವುದಕ್ಕೆ ಒಂದು ಸಲ, ಹೀಗೆ ಐದು ಸಲವಾದರೂ ಹೋಗಬೇಕು; ಆಮೇಲೆ ಒತ್ತುವಲ್ಲಿ ಸವರಿಸಿಕೊಳ್ಳಲು ಇನ್ನೆರಡು ಸಲ. ಇಲ್ಲಿ ಹೋಟೆಲು ಯಜಮಾನರಿಗೆ ನಮ್ಮ ನೇರವಾದ ಮಾತೊಂದಿದೆ. ರಜೆಯ ಸಂಬಳ ಕಡಿಯುವ ಭಯದಿಂದಲೇ ನಿಮ್ಮ ಹಳೆಯ ಕೆಲಸಗಾರರು ರಸ್ತೆ ಬದಿಯ ಹಲ್ಲಿಗೆ ಹೋಗುತ್ತಾರೆ. ಏಳು ಅರ್ಧ ದಿನಗಳ ರಜೆಯೂ, ಎರಡು ತಿಂಗಳ ಕಾಲ ಊಟಕ್ಕೆ ಹತ್ತರ ಬದಲು ಮೂವತ್ತು ನಿಮಿಷವೂ ಕೊಟ್ಟರೆ ನಿಮ್ಮ ಗಲ್ಲಾಕ್ಕೆ ಆಗುವ ನಷ್ಟವನ್ನು ನೀವೇ ಲೆಕ್ಕ ಹಾಕಿರಿ. ನಾವು ಹಾಕಿ ನೋಡಿದ್ದೇವೆ. ಒಂದು ಮಧ್ಯಾಹ್ನ ಉಳಿದುಹೋಗುವ ಅನ್ನದ ಬೆಲೆಯಷ್ಟೂ ಆಗುವುದಿಲ್ಲ. ಎಳೆಯ ಮಾಣಿಗಳಿಗೂ ಒಂದು ಮಾತು: ಅಣ್ಣಂದಿರು ತೊದಲಿದಾಗ ಅಣಕಿಸಬೇಡಿ.

ಕೊನೆಯದಾಗಿ, ಊಟದ ನಡುವೆ ಹಲ್ಲು ನೋಯಿತೆಂದು ತೆಗೆದು ಎಲೆಯ ಅಂಚಿನಲ್ಲಿಡುವ ಅಭ್ಯಾಸವನ್ನು ಬಿಡಿ. ಎಲೆ ಮಡಿಸಿ ಏಳುವಾಗ ಹಲ್ಲೂ ಅದರೊಳಗೇ ಹೋಗುತ್ತದೆ. ಕ್ಲೀನರ್ ಹುಡುಗ ಎಂಜಲೆಲೆಯ ತೊಟ್ಟಿಯಲ್ಲಿ ಕೈಯಾಡಿಸಿ ಹುಡುಕುವ ದೃಶ್ಯವನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟರೂ ಇದೇ ಗತಿ. ನೀರು ಹಾಕಿದ ಚಿಕ್ಕ ಡಬ್ಬಿಯೊಂದು ಜೊತೆಗಿರಲಿ. ರೈಲಿನಲ್ಲಿ ಊರಿಗೆ ಹೋಗುವಾಗಲೂ ಇರಲಿ. ಒಂದೇ ಕೋಣೆಯಲ್ಲಿ ಇಬ್ಬರು ಮೂವರು ಸೆಟ್ಟಿನವರಿರುವಲ್ಲಿ ಅದಲುಬದಲಾಗುವುದುಂಟು. ಮಾಡಿಸುವಾಗಲೇ ಕೇಳಿಕೊಂಡರೆ ವೈದ್ಯರು ಹೆಸರಿನ ಅಕ್ಷರಗಳನ್ನು ವಸಡಿನ ಬಣ್ಣದ ಭಾಗದೊಳಗೆ ಸೇರಿಸಿಕೊಡಬಲ್ಲರು.